ರನ್‌ವೇ ಮೇಲಿನ ರೇಸು, ತೋಟದೊಳಗಿನ ರ‍್ಯಾಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹಳೆಯ ಕಾರುಗಳ ಬಗ್ಗೆ ಬರೆದಾಗ ಕೊನೆಗೆ ಸುಮ್ನೆ ಒಂದು ಸಾಲು ಹಾಕಿದ್ದೆ, ರೇಸು ರ‍್ಯಾಲಿ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ. ಹತ್ತು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಈಗ ಮೇಜಿನ ಮೇಲೆ ಕಾಫಿ ಲೋಟ ಇಡೋಕೂ ಜಾಗ ಇಲ್ಲ. ಎಲ್ಲಕ್ಕೂ ಉತ್ತರಿಸಲು ಆಗುವುದಿಲ್ಲ, ಕೆಲವನ್ನು ಆರಿಸಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ರೇಸರ್ ಅಲ್ಲ. ಕೆಲವು ವರ್ಷ ಟ್ರ್ಯಾಕಿನ ಪಕ್ಕ ಬಾವುಟ ಹಿಡಿದು ನಿಂತಿದ್ದ ಮಾರ್ಷಲ್, ಅಷ್ಟೇ. ಬಿಸಿಲು ಜಾಸ್ತಿ, ಸಂಬಳ ಇಲ್ಲ, ಮಧ್ಯಾಹ್ನಕ್ಕೆ ಒಂದು ಊಟದ ಪೊಟ್ಟಣ. ಆದರೆ ದುಡ್ಡು ಕೊಟ್ಟು ಟಿಕೆಟ್ ತಗೊಂಡವರಿಗಿಂತ ಹತ್ತಿರದಿಂದ ನೋಡಿದ್ದೇನೆ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಕಪ್ಪುಬಿಳುಪು ಫೋಟೊ ಸಿಕ್ಕಿತು. ಹಿಂದೆ ಪೆನ್ಸಿಲ್‌ನಲ್ಲಿ "ಶೋಲಾವರಂ" ಎಂದಿದೆ. ಒಂದು ಕಾರಿನ ಪಕ್ಕ ತಂದೆ ನಿಂತಿದ್ದಾರೆ, ಹಿಂದೆ ಬರೀ ಬಯಲು. ರೇಸ್ ನೋಡೋಕೆ ಹೋಗಿದ್ದೆ ಎಂದು ಯಾವಾಗಲೋ ಹೇಳಿದ ನೆನಪು. ಆದರೆ ಫೋಟೊದಲ್ಲಿ ಟ್ರ್ಯಾಕೇ ಕಾಣಿಸುತ್ತಿಲ್ಲ. ಎಲ್ಲಿದೆ ಈ ಜಾಗ? ಈಗಲೂ ಅಲ್ಲಿ ರೇಸ್ ನಡೆಯುತ್ತಾ? (ತುಮಕೂರಿನ ಓದುಗರೊಬ್ಬರು)

ಉತ್ತರ: ಆ ಬಯಲೇ ಟ್ರ್ಯಾಕು! ನಿಮ್ಮ ಫೋಟೊವನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೊದಲು ಕಾರಿನ ವಿಷಯ. ಬಾನೆಟ್ ಮಾತ್ರ ಮೇಲೆದ್ದಿಲ್ಲ ಗಮನಿಸಿ, ಹೆಡ್‌ಲೈಟು ಮಡ್‌ಗಾರ್ಡು ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡಿದೆ. ಹಾಗೆ ಬಾಯಿ ತೆರೆಯುತ್ತಿದ್ದುದು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದ್ರಾಸಿನಲ್ಲೇ ತಯಾರಾಗುತ್ತಿತ್ತು. ಮೆಕ್ಯಾನಿಕ್‌ಗಂತೂ ಇದರಷ್ಟು ಸುಖದ ಕಾರು ಇನ್ನೊಂದಿಲ್ಲ, ಮುಂದಿನ ಟೈರಿನ ಮೇಲೇ ಕುಂಡಿ ಊರಿ ಎಂಜಿನ್ ಕೆಲಸ ಮಾಡಬಹುದು. ನಿಮ್ಮ ತಂದೆಯ ಹಿಂದೆ ಒಬ್ಬ ಹುಡುಗ ಕೂತಿರುವುದು ಹಾಗೆಯೇ. ಅದು ಸ್ಟೂಲ್ ಅಲ್ಲ, ಟೈರು.

ಇನ್ನು ಜಾಗ. ಶೋಲಾವರಂ ಚೆನ್ನೈನಿಂದ ಉತ್ತರಕ್ಕೆ, ಕೋಲ್ಕತ್ತಾ ಹೆದ್ದಾರಿ ಕಡೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನ ಇಳಿಸೋಕೆ ಒಂದು ರನ್‌ವೇ ಮಾಡಿದ್ದರು. ಯುದ್ಧ ಮುಗಿಯಿತು, ವಿಮಾನ ಹೋಯಿತು, ರನ್‌ವೇ ಉಳಿಯಿತು. 1953ರಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಶುರುವಾಯಿತು. ಕಾರು ಬೈಕಿನ ಹುಚ್ಚಿನವರಿಗೆ ಉದ್ದನೆಯ, ಅಗಲವಾದ, ಎತ್ತುಗಾಡಿ ಅಡ್ಡ ಬರದ ಜಾಗ ಬೇಕಿತ್ತು. ಸಿಕ್ಕಿದ್ದು ಇದು.

ಇದು ನಮ್ಮ ಬಡತನದ ಕಥೆ ಅಂತ ತಿಳಿಯಬೇಡಿ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಯುದ್ಧದ ವಿಮಾನ ನಿಲ್ದಾಣವೇ. 1948ರಲ್ಲಿ ಅಲ್ಲಿ ಮೊದಲ ಗ್ರ್ಯಾನ್ ಪ್ರಿ ನಡೆದಾಗ ಹುಲ್ಲಿನ ಪಿಂಡಿ, ಖಾಲಿ ಡ್ರಮ್ಮು ಇಟ್ಟು ತಿರುವು ಗುರುತು ಮಾಡಿದ್ದರು. ಎರಡು ವರ್ಷ ಬಿಟ್ಟು 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊಟ್ಟಮೊದಲ ರೇಸ್ ನಡೆದಿದ್ದೂ ಅದೇ ನೆಲದಲ್ಲಿ. ಅಮೆರಿಕದ ಸೆಬ್ರಿಂಗ್ ಕೂಡ ಹೀಗೇ. ನಮ್ಮಲ್ಲೂ ಶೋಲಾವರಂ ಒಂದೇ ಅಲ್ಲ, ಕೋಲ್ಕತ್ತಾ ಹತ್ತಿರದ ಬ್ಯಾರಕ್‌ಪುರ, ಮುಂಬೈಯ ಜುಹು, ಎಲ್ಲವೂ ವಿಮಾನದ ನೆಲವೇ.

ರನ್‌ವೇ ರೇಸಿಗೆ ಅದರದೇ ಒಂದು ಗುಣ ಇದೆ. ನೇರ ದಾರಿ ಜಾಸ್ತಿ, ಕೊನೆಗೆ ಹಿಂತಿರುಗುವ ಬಿಗಿ ತಿರುವು. ಹಾಗಾಗಿ ಎಂಜಿನ್ ಶಕ್ತಿ ಇದ್ದವನು ನೇರದಲ್ಲಿ ಗೆಲ್ಲುತ್ತಾನೆ, ಬ್ರೇಕ್ ಇಲ್ಲದವನು ತಿರುವಿನಲ್ಲಿ ಸೋಲುತ್ತಾನೆ. ಆ ಕಾಲದ ಕಾರುಗಳಿಗೆ ಬ್ರೇಕು ಎಷ್ಟಿತ್ತು ಎಂದು ಅಂಬಾಸಿಡರ್ ಓಡಿಸಿದವರನ್ನು ಕೇಳಿ. ಹೆರಾಲ್ಡ್, ಫಿಯೆಟ್ ಓಡುತ್ತಿದ್ದ ಅದೇ ನೆಲದಲ್ಲಿ ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಎಂಬ ನಿಜವಾದ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದರು. ಮುಂದೆ ಅವರ ಬೇರೆ ಓಟಗಳ ವಿಷಯ ನಿಮಗೆ ಗೊತ್ತೇ ಇದೆ, ಅದು ಈ ಅಂಕಣಕ್ಕೆ ಬೇಡ.

ಈಗ ಅಲ್ಲಿ ರೇಸ್ ಇಲ್ಲ. ಆ ನೆಲ ಕ್ಲಬ್ಬಿನದಲ್ಲ, ಎರವಲು. ಎರವಲು ನೆಲದಲ್ಲಿ ಗ್ಯಾರೇಜು ಕಟ್ಟೋಕೆ ಆಗಲ್ಲ, ಮೆಟ್ಟಿಲುಸಾಲು ಕಟ್ಟೋಕೆ ಆಗಲ್ಲ, ಮುಂದಿನ ವರ್ಷ ಸಿಗುತ್ತೋ ಇಲ್ಲವೋ ಅದೂ ಗೊತ್ತಿರಲ್ಲ. ಮದ್ರಾಸಿನವರು ಜಾಣರು. ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಜಾಗ ಮಾಡಿಕೊಂಡು ಟ್ರ್ಯಾಕ್ ಕಟ್ಟಿದರು. 1990ರಲ್ಲಿ ಶುರುವಾಯಿತು. 3.7 ಕಿಲೋಮೀಟರ್, 12 ತಿರುವು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದ ಮೇಲೆ ಸಿಗುತ್ತದೆ. ಒಂದು ರೇಸಿನ ದಿನ ಆ ಫೋಟೊ ಜೇಬಿನಲ್ಲಿಟ್ಟುಕೊಂಡು ಹೋಗಿಬನ್ನಿ. ತಲೆ ನರೆತವರು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ, ಕಾರಿನ ನಂಬರ್ ನೋಡಿ ಓಡಿಸಿದವರ ಹೆಸರು ಹೇಳಿದರೂ ಹೇಳಬಹುದು.

ಪ್ರಶ್ನೆ: ನಮ್ಮ ಮಾವನವರ ಹತ್ತಿರ ಒಂದು ಎಜ್ಡಿ ಇದೆ. ಮನೆಗೆ ಯಾರು ಬಂದರೂ "ನಮ್ಮ ಮೈಸೂರಿನ ಗಾಡಿ, ಇದು ರೇಸಿಗೆ ಹೋದ ಜಾತಿ" ಅಂತ ಶುರು ಮಾಡುತ್ತಾರೆ. ಮದುವೆಯಾಗಿ 9 ವರ್ಷದಿಂದ ಕೇಳುತ್ತಿದ್ದೇನೆ. ಬುರುಡೆನಾ, ನಿಜಾನಾ? (ಮೈಸೂರಿನ ಓದುಗರೊಬ್ಬರು)

ಉತ್ತರ: ಪಾಪ, ನಿಜ ಕಣ್ರೀ. ಇನ್ನೊಂದು 9 ವರ್ಷ ಕೇಳಬೇಕಾಗುತ್ತದೆ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಅರವತ್ತರ ದಶಕದ ಆರಂಭದಿಂದ 1996ರವರೆಗೆ ಬೈಕ್ ಮಾಡಿತು. ಮೊದಲು ಜಾವಾ, ಆಮೇಲೆ ಎಜ್ಡಿ. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಎರಡು ಕಡೆ ಎರಡು ಸೈಲೆನ್ಸರ್. ಒಂದು ವಿಚಿತ್ರ ಏನೆಂದರೆ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಗ್ಗಿಸಿದರೆ ಗೇರು. ಬೇರೆ ಬೈಕಿನವರು ಬಂದು ಗಾಡಿ ಕೊಡಿ ಒಂದು ರೌಂಡ್ ಹೋಗಿಬರುತ್ತೇನೆ ಅಂದರೆ ಮಾವನವರು ಸುಮ್ಮನೆ ನಗುತ್ತಾ ಕೀಲಿ ಕೊಡುತ್ತಿರಬೇಕು, ಯಾಕೆಂದರೆ ಅವರು ಗೇಟು ದಾಟಲ್ಲ.

ಡಾಂಬರು ಟ್ರ್ಯಾಕಿಗಿಂತ ಎಜ್ಡಿಗೆ ಹೆಸರು ತಂದಿದ್ದು ಮಣ್ಣು. ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್), ರ‍್ಯಾಲಿ. ಕೆಳಗಿನ ಗೇರಿನಲ್ಲಿ ಒಳ್ಳೆ ಎಳೆತ, ಗಟ್ಟಿ ಚಾಸಿ, ಬಿದ್ದರೂ ಎದ್ದು ಹೋಗುವ ಗುಣ. ಆಮೇಲೆ ಹಗುರಾದ ಜಪಾನಿ ಬೈಕುಗಳು ಬಂದವು, 1985ರಲ್ಲಿ ಯಮಹಾದ ಆರ್‌ಎಕ್ಸ್ 100 ಬಂತು, ಆಟ ಬದಲಾಯಿತು. ಈ ಮಾತನ್ನು ಮಾವನವರ ಎದುರು ಹೇಳಬೇಡಿ.

ಇದೇ ಸಂದರ್ಭದಲ್ಲಿ ಕರ್ನಾಟಕದ ಇನ್ನೊಂದು ಗಾಡಿ ನೆನಪಿಸದೆ ಇದ್ದರೆ ನನಗೆ ನಿದ್ದೆ ಬರಲ್ಲ. ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲಿ ತಯಾರಾದ ಕಾರು, 1982ರಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, 848 ಸಿಸಿ ಎಂಜಿನ್, ಮೈ ಪೂರ್ತಿ ಫೈಬರ್‌ಗ್ಲಾಸ್. ಮಾರಾಟದಲ್ಲಿ ಸೋತಿತು. ಫೈಬರ್ ಕಾರಿನಲ್ಲಿ ಸಂಸಾರ ಕೂರಿಸೋಕೆ ಜನ ಹೆದರಿದರು, ಅಷ್ಟರಲ್ಲಿ 1983ರ ಕೊನೆಗೆ ಮಾರುತಿ 800 ಬಂದುಬಿಟ್ಟಿತು. ಆದರೆ ಯಾವ ಗುಣಕ್ಕೆ ಜನ ಬೇಡ ಅಂದರೋ ಅದೇ ಗುಣಕ್ಕೆ ರೇಸಿನವರು ಮುಗಿಬಿದ್ದರು. ಹಗುರ! ಅಂಬಾಸಿಡರ್, ಫಿಯೆಟ್‌ಗಳ ಕಬ್ಬಿಣದ ಭಾರದ ಎದುರು ಇದೊಂದು ಬೆಂಡಿನ ಪೆಟ್ಟಿಗೆ. ಹಿಂದಿನ ಚಕ್ರಕ್ಕೆ ಶಕ್ತಿ, ಅಲ್ಯುಮಿನಿಯಂ ಎಂಜಿನ್, ಜಜ್ಜಿದರೆ ಫೈಬರ್ ತೇಪೆ ಹಾಕಿ ಬೆಳಿಗ್ಗೆ ಮತ್ತೆ ಓಡಿಸಬಹುದು. ಎಂಬತ್ತರ ದಶಕದ ರ‍್ಯಾಲಿಗಳಲ್ಲಿ, ಶೋಲಾವರಂನಲ್ಲಿ ಡಾಲ್ಫಿನ್‌ಗಳು ದೊಡ್ಡ ಕಾರುಗಳಿಗೆ ನೀರು ಕುಡಿಸಿದವು. ಈಗ ಒಂದು ನೋಡಲು ಸಿಕ್ಕರೆ ಪುಣ್ಯ. ಯಾರದ್ದಾದರೂ ಹಿತ್ತಲಲ್ಲಿ ಕೋಳಿಗೂಡಾಗಿ ನಿಂತಿದ್ದರೆ ದಯವಿಟ್ಟು ನನಗೆ ಬರೆಯಿರಿ, ಕೋಳಿಗೆ ಬೇರೆ ಗೂಡು ನಾನೇ ಮಾಡಿಸಿಕೊಡುತ್ತೇನೆ.

ಪ್ರಶ್ನೆ: ಅಣ್ಣಾ, ನಮ್ಮ ಪಕ್ಕದ ಎಸ್ಟೇಟಿನಲ್ಲಿ ರ‍್ಯಾಲಿ ಹಾದುಹೋಗುತ್ತದೆ. ನಾವೂ ಮಕ್ಕಳನ್ನು ಕರೆದುಕೊಂಡು ನೋಡೋಕೆ ಹೋಗಿದ್ದೆವು. ಒಂದು ಕಾರು ಬಂತು, ಧೂಳು. ಎರಡು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಧೂಳು. ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ. ಇದರಲ್ಲಿ ಗೆದ್ದವರು ಯಾರು ಅಂತ ಗೊತ್ತಾಗೋದು ಹೇಗೆ? ಮತ್ತೆ ಒಂದು ಕಾರು ಬೇಲಿ ಮುರಿದುಕೊಂಡು ನಮ್ಮ ಗಿಡಕ್ಕೆ ನುಗ್ಗಿತು, ಯಾರೂ ವಿಚಾರಿಸಲಿಲ್ಲ. (ಮೂಡಿಗೆರೆ ಕಡೆಯ ಓದುಗರೊಬ್ಬರು)

ಉತ್ತರ: ತಂಗೀ, ಮೊದಲು ಬೇಲಿ ವಿಷಯ. ರ‍್ಯಾಲಿ ನಡೆಸುವವರು ತೋಟದ ಮಾಲೀಕರ ಒಪ್ಪಿಗೆ ತಗೊಂಡೇ ಒಳಗೆ ಬರುತ್ತಾರೆ. ಆದರೆ ಒಪ್ಪಿಗೆ ಕೊಟ್ಟಿದ್ದು ಪಕ್ಕದ ತೋಟದವರು, ನುಗ್ಗಿದ್ದು ನಿಮ್ಮ ತೋಟಕ್ಕೆ. ಹಾಗಾಗಿ ಮುರಿದ ಬೇಲಿ, ಗಿಡದ ಫೋಟೊ ಇಟ್ಟು ನಡೆಸಿದ ಕ್ಲಬ್ಬಿಗೆ ಒಂದು ಪತ್ರ ಬರೆಯಿರಿ, ಕಾರಿನ ಬಾಗಿಲ ಮೇಲಿನ ನಂಬರ್ ಬರೆಯೋದು ಮರೆಯಬೇಡಿ. ಮುಂದಿನ ವರ್ಷ ಅದೇ ದಾರಿ ಬೇಕಾದವರು ಅಕ್ಕಪಕ್ಕದವರ ಜೊತೆ ಜಗಳ ಇಟ್ಟುಕೊಳ್ಳಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದೂ ಕೊಯ್ಲಿನ ಹೊತ್ತಿನಲ್ಲಿ, ಹಣ್ಣು ಇರುವ ಗಿಡ.

ಇನ್ನು ಆಟ. ರ‍್ಯಾಲಿಯಲ್ಲಿ ಒಬ್ಬರ ಹಿಂದೆ ಒಬ್ಬರು ಓಡೋದಲ್ಲ, ಗಡಿಯಾರದ ಜೊತೆ ಓಡೋದು. ಮುಚ್ಚಿದ ದಾರಿಯ ಒಂದು ತುಂಡಿಗೆ ಸ್ಟೇಜ್ ಅಂತಾರೆ. ಒಂದೊಂದೇ ಕಾರು ಬಿಡುತ್ತಾರೆ, ಆ ಕಡೆ ತಲುಪಿದ ಹೊತ್ತನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಬರೆದುಕೊಳ್ಳುತ್ತಾರೆ. ಎಲ್ಲ ಸ್ಟೇಜಿನ ಹೊತ್ತು ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರು ಗೆದ್ದಂತೆ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಸಾರ್ವಜನಿಕ ರಸ್ತೆ, ಅಲ್ಲಿ ಎಲ್ಲರಂತೆ ಸಿಗ್ನಲ್ಲಿಗೆ ನಿಲ್ಲಬೇಕು. ಮುಂಚೆ ತಲುಪಿದರೂ ದಂಡ, ತಡವಾದರೂ ದಂಡ. ಮುಂಚೆ ತಲುಪಿದ್ದಕ್ಕೇ ದಂಡ ಹೆಚ್ಚು! ಹಾಗಾಗಿ ಈಗಷ್ಟೇ ತೋಟದಲ್ಲಿ ಹುಲಿ ಹಾಗೆ ಹಾರಿದ ಕಾರು ಪೇಟೆಯಲ್ಲಿ ಕೆಎಸ್ಸಾರ್ಟಿಸಿ ಬಸ್ಸಿನ ಹಿಂದೆ ಇಂಡಿಕೇಟರ್ ಹಾಕಿಕೊಂಡು ಸಾಧುವಾಗಿ ಹೋಗೋದನ್ನು ನೋಡಬಹುದು. ನನಗೆ ಸ್ಟೇಜಿಗಿಂತ ಅದನ್ನು ನೋಡೋದೇ ಇಷ್ಟ.

ಕಾರಿನಲ್ಲಿ ಇಬ್ಬರು ಇರುತ್ತಾರೆ ಅಲ್ವಾ, ಎರಡನೆಯವರು ಸುಮ್ಮನೆ ಕೂತಿಲ್ಲ. ನ್ಯಾವಿಗೇಟರ್. ತೊಡೆ ಮೇಲೆ ಪುಸ್ತಕ, ಅದರಲ್ಲಿ ಪ್ರತಿ ತಿರುವು ಬರೆದಿರುತ್ತದೆ. "ನೂರು, ಎಡ ಮೂರು, ಬಿಗಿ, ಬಲ ಐದು, ಒಳಗೆ ಕತ್ತರಿಸಬೇಡ." ನೂರು ಅಂದರೆ ಮೀಟರ್, ಮೂರು ಐದು ಅಂದರೆ ತಿರುವಿನ ಬಿಗಿ. ಸಾಮಾನ್ಯವಾಗಿ ನಂಬರ್ ಚಿಕ್ಕದಾದಷ್ಟೂ ತಿರುವು ಬಿಗಿ, ಕೆಲವರು ಇದನ್ನೇ ಉಲ್ಟಾ ಬರೆದುಕೊಳ್ಳುತ್ತಾರೆ. ಹಿಂದಿನ ದಿನ ನಿಧಾನವಾಗಿ ಅದೇ ದಾರಿಯಲ್ಲಿ ಹೋಗಿ ಗಂಡಹೆಂಡಿರ ಹಾಗೆ ಕಿತ್ತಾಡಿಕೊಂಡು ಬರೆದಿದ್ದು ಅದು. ಓಡಿಸುವವರು ಕಣ್ಣಿಗೆ ಕಂಡದ್ದಕ್ಕಿಂತ ಕಿವಿಗೆ ಬಿದ್ದದ್ದನ್ನು ನಂಬಿ ಓಡಿಸುತ್ತಾರೆ. ತೋಟದ ದಾರಿ ಗೊತ್ತಲ್ಲ ನಿಮಗೆ, ಸಿಲ್ವರ್ ಓಕ್ ಮರಗಳ ನಡುವೆ ಹತ್ತಡಿ ಆಚೆಗೆ ಏನೂ ಕಾಣಲ್ಲ.

ಮುಂದಿನ ಸಲ ಎರಡು ಮಾತು ನೆನಪಿಡಿ. ತಿರುವಿನ ಹೊರಬದಿಗೆ ನಿಲ್ಲಬೇಡಿ, ಕಾರು ಕೈತಪ್ಪಿದರೆ ಬರೋದು ಆ ಕಡೆಗೇ. ಒಳಬದಿಯಲ್ಲಿ, ದಾರಿಗಿಂತ ಎತ್ತರದ ದಿಬ್ಬ ಹುಡುಕಿ. ಕಾರು ಮಗುಚಿದ್ದು ಕಂಡರೆ ಮೊಬೈಲ್ ಹಿಡಿದು ದಾರಿಗೆ ಇಳಿಯಬೇಡಿ, ಹಿಂದಿನ ಕಾರು ಎರಡೇ ನಿಮಿಷದಲ್ಲಿ ಬರುತ್ತಿರುತ್ತದೆ. ಒಳಗಿದ್ದವರು ಆರಾಮಿದ್ದರೆ ಒಂದು ಬೋರ್ಡ್ ತೋರಿಸುತ್ತಾರೆ, "ಓಕೆ" ಅಂತ ಹಸಿರು ಅಕ್ಷರ. ಅದರ ಹಿಂಬದಿಯಲ್ಲಿ ಕೆಂಪಿನಲ್ಲಿ "ಎಸ್‌ಓಎಸ್" ಇರುತ್ತದೆ. ಅದು ಕಂಡರೆ ಹಿಂದಿನಿಂದ ಬಂದವರು ಎಷ್ಟೇ ಮುಂದಿದ್ದರೂ ನಿಲ್ಲಿಸಬೇಕು. ನಿಯಮವೇ ಹಾಗೆ.

ನಿಮ್ಮ ಜಿಲ್ಲೆ ಏನೂ ಕಡಿಮೆ ಅಲ್ಲ ಅಂತ ಮಕ್ಕಳಿಗೆ ಹೇಳಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ಚಿಕ್ಕಮಗಳೂರಿನ ತೋಟಗಳಲ್ಲಿ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ನಿಮ್ಮೂರ ಧೂಳು ಕುಡಿದವರೇ. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮೋಟರ್ ಸ್ಪೋರ್ಟ್ಸ್‌ನಲ್ಲಿ ಅದು ಮೊದಲನೆಯದು.

ಪ್ರಶ್ನೆ: ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ ಓಡಿದ್ದು ಬರೀ ಆರು ಕಾರು ಅಂತ ಸ್ನೇಹಿತ ಗೇಲಿ ಮಾಡುತ್ತಾನೆ. ಹೌದಾ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಹೌದು. 2005ರ ಅಮೆರಿಕನ್ ಗ್ರ್ಯಾನ್ ಪ್ರಿ, ಇಂಡಿಯಾನಾಪೊಲಿಸ್. ಮಿಶೆಲಿನ್ ಟೈರುಗಳು ಅಲ್ಲಿನ ವಾಲಿದ ತಿರುವಿಗೆ ತಡೆಯಲ್ಲ ಅಂತ 14 ಕಾರುಗಳು ಒಂದು ಸುತ್ತು ಬಂದು ಸೀದಾ ಒಳಗೆ ಹೋಗಿಬಿಟ್ಟವು. ಬ್ರಿಜ್‌ಸ್ಟೋನ್ ಟೈರಿನ ಆರು ಉಳಿದವು. ಫೆರಾರಿ ಎರಡು, ಜೋರ್ಡಾನ್ ಎರಡು, ಮಿನಾರ್ಡಿ ಎರಡು. ಫೆರಾರಿಗಳನ್ನು ಬಿಟ್ಟರೆ ಕೊಯಮತ್ತೂರಿನ ಹುಡುಗ ಸೋತಿದ್ದು ತನ್ನ ತಂಡದವನಿಗೆ ಮಾತ್ರ. 5 ಪಾಯಿಂಟ್ ಬಂತು, ಪಾಯಿಂಟಿನ ಪಕ್ಕ "ಆರೇ ಕಾರು" ಅಂತ ಯಾರೂ ಬರೆದಿಟ್ಟಿಲ್ಲ. ಬಂದವರಿಗೆ ಊಟ ಬಡಿಸುತ್ತಾರೆ, ಬಾರದವರಿಗಲ್ಲ ಅಂತ ಸ್ನೇಹಿತನಿಗೆ ಹೇಳಿ.

ಪ್ರಶ್ನೆ: ನಮ್ಮ ಮಗನಿಗೆ 16. ರಾತ್ರಿ ರಿಂಗ್ ರೋಡಿನಲ್ಲಿ ಬೈಕ್ ರೇಸ್ ಮಾಡುತ್ತಾನೆ ಅಂತ ಪಕ್ಕದ ಮನೆಯವರು ಹೇಳಿದರು. ಕೇಳಿದರೆ "ನಾನು ರೇಸರ್ ಆಗ್ತೀನಿ" ಅಂತಾನೆ. ಬೈಯೋದೋ, ಬೆನ್ನು ತಟ್ಟೋದೋ ತಿಳಿಯುತ್ತಿಲ್ಲ. (ದಾವಣಗೆರೆಯ ತಂದೆಯೊಬ್ಬರು)

ಉತ್ತರ: ಮೊದಲು ಕೀಲಿ ಕಸಿದುಕೊಳ್ಳಿ. ಇವತ್ತೇ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಅದಕ್ಕಿಂತ ನಿಮಗೆ ನೇರವಾಗಿ ತಟ್ಟೋದು 199ಎ. 18 ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ನೀವು, 3 ವರ್ಷದವರೆಗೆ ಜೈಲು, 25,000 ದಂಡ. ಇದು ಹೆದರಿಸೋಕೆ ಹೇಳಿದ್ದಲ್ಲ, ಕಾನೂನು ಇರೋದೇ ಹಾಗೆ. ಕಾನೂನು ಬಿಡಿ. ರಿಂಗ್ ರೋಡಿನಲ್ಲಿ ಎದುರಿಗೆ ಬರುವ ಹಾಲಿನ ಗಾಡಿಯವನಿಗೆ ಇಲ್ಲಿ ರೇಸ್ ನಡೆಯುತ್ತಿದೆ ಅಂತ ಯಾರು ಹೇಳಿದ್ದಾರೆ? ಅಲ್ಲಿ ಬಾವುಟ ಹಿಡಿದವರಿಲ್ಲ, ಆಂಬುಲೆನ್ಸ್ ಇಲ್ಲ.

ಆಮೇಲೆ ಬೆನ್ನು ತಟ್ಟಿ. ಹುಡುಗನಿಗೆ ನಿಜಕ್ಕೂ ಆಸೆ ಇದ್ದರೆ ದಾರಿ ಇದೆ. ಕಾರಿನ ಕಡೆ ಹೋಗೋದಾದರೆ ಪುಟ್ಟ ತೆರೆದ ರೇಸ್ ಗಾಡಿ, ಗೋ ಕಾರ್ಟ್‌ನಿಂದ ಶುರು. ಬೈಕಾದರೆ ಮಣ್ಣಿನ ಟ್ರ್ಯಾಕಿನಲ್ಲಿ ತರಬೇತಿ, ಇಲ್ಲ ಚೆನ್ನೈ, ಕೊಯಮತ್ತೂರು ಟ್ರ್ಯಾಕುಗಳಲ್ಲಿ ನಡೆಯುವ ತರಬೇತಿ. ಸ್ಪರ್ಧೆಗೆ ಇಳಿಯೋಕೆ ನಮ್ಮ ದೇಶದ ಮೋಟರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು, ಅದು ಆರ್‌ಟಿಒ ಲೈಸೆನ್ಸ್ ಅಲ್ಲ, ಬೇರೆಯೇ. ಖರ್ಚಿನ ಬಗ್ಗೆ ಸುಳ್ಳು ಹೇಳಲ್ಲ, ಇದು ದುಡ್ಡು ನುಂಗುವ ಆಟ. ಟೈರು ಒಂದು ದಿನದಲ್ಲಿ ಸವೆಯುತ್ತದೆ, ಬಿದ್ದರೆ ರಿಪೇರಿ ನಿಮ್ಮದೇ. ಹಾಗಾಗಿ ಗಾಡಿ ಕೊಡಿಸೋಕೆ ಮುಂಚೆ ಒಳ್ಳೆ ಹೆಲ್ಮೆಟ್ಟು, ಜಾಕೆಟ್ಟು, ಬೂಟು ಕೊಡಿಸಿ. ಅದನ್ನು ಹಾಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ವಾರ ಅಭ್ಯಾಸ ಮಾಡಿದ ಮೇಲೂ ಆಸೆ ಉಳಿದಿದ್ದರೆ ಅದು ಆಸೆ. ಇಲ್ಲದಿದ್ದರೆ ರಿಂಗ್ ರೋಡಿನ ಜಂಬ ಅಷ್ಟೇ.

ಪ್ರಶ್ನೆ: ರೇಸ್ ನೋಡೋಕೆ ಟಿಕೆಟ್ ತಗೊಳ್ಳೋ ಬದಲು ಮಾರ್ಷಲ್ ಆಗಬಹುದಾ? (ಬೆಂಗಳೂರಿನ ವಿದ್ಯಾರ್ಥಿನಿ)

ಉತ್ತರ: ಖಂಡಿತ. ಕ್ಲಬ್ಬುಗಳು ರೇಸಿಗೆ ಮುಂಚೆ ತರಬೇತಿ ಕೊಡುತ್ತವೆ, ವಿಚಾರಿಸಿ. ಹಳದಿ ಬಾವುಟ ಅಂದರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಬೇಡಿ. ಕೆಂಪು ಅಂದರೆ ರೇಸ್ ನಿಲ್ಲಿಸಿದ್ದೇವೆ. ನೀಲಿ ಅಂದರೆ ಹಿಂದೆ ಜೋರಾಗಿ ಬರುತ್ತಿರುವವರಿಗೆ ದಾರಿ ಬಿಡಿ. ಇದನ್ನು ಕಲಿಯೋಕೆ ಅರ್ಧ ಗಂಟೆ ಸಾಕು. ಬಾವುಟ ಹಿಡಿಯೋದು ಕಲಿಯೋಕೆ ಒಂದು ದಿನ ಬೇಕು. ನನ್ನ ಮೊದಲ ರೇಸಿನಲ್ಲಿ ಒಂದು ಕಾರು ಮರಳಿಗೆ ಇಳಿಯಿತು. ಹಳದಿ ಎತ್ತಿ ಬೀಸಿದೆ, ಜೋರಾಗಿ ಬೀಸಿದೆ, ಬಂದವರು ಯಾರೂ ನಿಧಾನ ಮಾಡುತ್ತಿಲ್ಲ. ಇವರಿಗೇನು ಕಣ್ಣಿಲ್ಲವಾ ಅಂತ ಮೇಲೆ ನೋಡಿದರೆ ಬಾವುಟ ಗಾಳಿಗೆ ಕೋಲಿಗೆ ಸುತ್ತಿಕೊಂಡು ಕೂತಿದೆ. ಅಷ್ಟು ಹೊತ್ತೂ ನಾನು ಬೀಸಿದ್ದು ಬರೀ ಕೋಲು. ಆವತ್ತು ನಮ್ಮ ಹಿರಿಯ ಮಾರ್ಷಲ್ ಬೈದಿದ್ದನ್ನು ಇಲ್ಲಿ ಅಚ್ಚು ಮಾಡೋಕೆ ಆಗಲ್ಲ. ಬಟ್ಟೆಯ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎತ್ತುವಾಗ ಬಿಡಬೇಕು. ಅಷ್ಟೇ ಗುಟ್ಟು.

ಪ್ರಶ್ನೆ: ತಮಿಳುನಾಡಿನಲ್ಲಿ ಟ್ರ್ಯಾಕ್ ಇದೆ, ನೋಯ್ಡಾದಲ್ಲಿ ಇದೆ. ಐಟಿ ರಾಜಧಾನಿ ಅಂತ ಬೀಗುವ ನಮ್ಮಲ್ಲಿ ಯಾಕಿಲ್ಲ? ನಮ್ಮವರಿಗೆ ತಾಕತ್ತಿಲ್ಲವಾ? (ಹುಬ್ಬಳ್ಳಿಯ ಓದುಗರೊಬ್ಬರು, ಸಿಟ್ಟಿನಿಂದ)

ಉತ್ತರ: ಸಿಟ್ಟು ಸರಿ, ಆದರೆ ನೋಯ್ಡಾ ಹೋಲಿಕೆ ಬೇಡ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5 ಕಿಲೋಮೀಟರ್‌ಗೂ ಉದ್ದದ ಅದ್ಭುತ ಟ್ರ್ಯಾಕು. ಆದರೆ ಫಾರ್ಮುಲಾ ಒನ್ ಬಂದಿದ್ದು ಮೂರೇ ಸಲ, 2011, 2012, 2013. ಮೂರನ್ನೂ ಜರ್ಮನಿಯ ಸೆಬಾಸ್ಟಿಯನ್ ವೆಟ್ಟಲ್ ಗೆದ್ದರು, ಅಲ್ಲಿಗೆ ಮುಗಿಯಿತು. ಇದು ಆಟವೋ ಮನರಂಜನೆಯೋ, ಮನರಂಜನೆ ತೆರಿಗೆ ಕಟ್ಟಬೇಕೋ ಬೇಡವೋ ಅಂತ ಜಗಳ ಹತ್ತಿತು. ಕಟ್ಟಿಸಿದ ಕಂಪನಿಯೂ ಸಾಲಕ್ಕೆ ಸಿಕ್ಕಿತು. 2023ರಲ್ಲಿ ಬೈಕುಗಳ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿ ಒಮ್ಮೆ ಬಂದುಹೋಯಿತು. ಅದೇ ವರ್ಷ ಹೈದರಾಬಾದಿನ ಹುಸೇನ್ ಸಾಗರದ ಪಕ್ಕ ವಿದ್ಯುತ್ ಕಾರುಗಳ ಫಾರ್ಮುಲಾ ಇ ನಡೆಯಿತು, 2024ರಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ ಸುತ್ತ ರಾತ್ರಿ ಹೊತ್ತು ಬೀದಿ ರೇಸ್ ನಡೆಯಿತು. ನೋಡೋಕೆ ಚೆಂದ, ಆದರೆ ಊರಿನ ರಸ್ತೆ ಎರಡು ದಿನಕ್ಕೆ ಎರವಲು. ಸೋಮವಾರ ಅಲ್ಲಿ ಸಿಟಿ ಬಸ್ಸು ಓಡುತ್ತದೆ, ಹುಡುಗರು ಅಭ್ಯಾಸ ಮಾಡೋದು ಎಲ್ಲಿ?

ಹೋಲಿಸೋದಾದರೆ ಕೊಯಮತ್ತೂರಿಗೆ ಹೋಲಿಸಿ. ಅಲ್ಲಿ ಕರಿವರ್ಧನ್ ಎಂಬವರಿದ್ದರು. ಓಡಿಸುತ್ತಿದ್ದರು, ಕಾರನ್ನೂ ತಾವೇ ಕಟ್ಟುತ್ತಿದ್ದರು. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಸಣ್ಣ ರೇಸ್ ಕಾರು ಮಾಡಿದರು. ಕೋಟಿ ಇಲ್ಲದವರೂ ಒಂಟಿ ಸೀಟಿನ ಕಾರಿನಲ್ಲಿ ಕೂರುವಂತಾದದ್ದು ಅದರಿಂದ. ನಾರಾಯಣ್ ಕೂಡ ಅದರಲ್ಲೇ ಕಲಿತಿದ್ದು. 1995ರಲ್ಲಿ ಕರಿವರ್ಧನ್ ಹಗುರ ವಿಮಾನದ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಚೆಟ್ಟಿಪಾಳಯಂನಲ್ಲಿ ಶುರುವಾದ 2.1 ಕಿಲೋಮೀಟರ್ ಟ್ರ್ಯಾಕಿಗೆ ಅವರದೇ ಹೆಸರು, ಕರಿ ಮೋಟರ್ ಸ್ಪೀಡ್‌ವೇ. ಪುಟ್ಟದು, ಮೆರುಗಿಲ್ಲ, ಆದರೆ ವರ್ಷವರ್ಷ ರೇಸ್ ನಡೆಯುತ್ತದೆ.

ಈಗ ನಿಮ್ಮ "ತಾಕತ್ತಿಲ್ಲವಾ" ಪ್ರಶ್ನೆ. ಲೆಕ್ಕ ಹಾಕಿ ನೋಡಿ. ಡಾಂಬರು ಟ್ರ್ಯಾಕ್ ಇದ್ದ ಕೊಯಮತ್ತೂರು, ಚೆನ್ನೈಗಳಿಂದ ನಾರಾಯಣ್, ಕರುಣ್ ಚಂಧೋಕ್ ಫಾರ್ಮುಲಾ ಒನ್‌ಗೆ ಹೋದರು. ನಮ್ಮಲ್ಲಿ ಇದ್ದದ್ದು ಮಣ್ಣು. ಗದ್ದೆ, ತೋಟ, ಕೆರೆಯಂಗಳ. ಮಣ್ಣಿನಿಂದ ಏನು ಬಂತು? ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಮರುಭೂಮಿಯ ಕಷ್ಟದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್, 2019ರಲ್ಲಿ ಡಕಾರ್ ಮುಗಿಸಿದರು. ಬಿಗ್ ಬಾಸ್ ನೋಡಿದವರಿಗೆ ಅವರ ಪರಿಚಯ ಬೇರೆ ಮಾಡಿಸಬೇಕಿಲ್ಲ, ಆದರೆ ಆ ಮನೆಗಿಂತ ಆ ಮರಳು ದೊಡ್ಡದು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ (ಚಿಕ್ಕ ಮರುಭೂಮಿ ರ‍್ಯಾಲಿ) ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು, ಮೋಟರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರೇ. ಮರುಭೂಮಿಯೇ ಇಲ್ಲದ ರಾಜ್ಯದಿಂದ ಮರುಭೂಮಿ ರೇಸಿಗೆ ಮೂವರು! ಸಂತೋಷ್ ಸುಮ್ಮನೆ ಕೂರಲಿಲ್ಲ, ಕೋಲಾರದ ಕಡೆ ಬಿಗ್ ರಾಕ್ ಎಂಬ ಮಣ್ಣಿನ ತರಬೇತಿ ಕೇಂದ್ರವನ್ನೇ ಮಾಡಿದರು.

ಡಾಂಬರಿನ ಕಡೆಗೆ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಇದ್ದಾರೆ. ಕುಶ್ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದರು. ಆದರೆ ಕಾರ್ಟ್‌ನಿಂದ ಮೇಲಿನ ಮೆಟ್ಟಿಲು ಹತ್ತೋಕೆ ಯೂರೋಪಿಗೇ ಹೋಗಬೇಕಾಯಿತು. ಅಪ್ಪ ಅಮ್ಮನಿಗೆ ಆ ಶಕ್ತಿ ಇಲ್ಲದ ಹುಬ್ಬಳ್ಳಿಯ ಹುಡುಗ ಏನು ಮಾಡಬೇಕು?

ನಮ್ಮಲ್ಲಿ ಕ್ಲಬ್ಬುಗಳಿದ್ದವು, ಈಗಲೂ ಇವೆ. ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು. ಆದರೆ ರ‍್ಯಾಲಿಗೆ ಸ್ವಂತ ನೆಲ ಬೇಡ, ಬೇರೆಯವರ ದಾರಿ ಸಾಕು. ಆ ಸುಖಕ್ಕೆ ಒಗ್ಗಿಹೋಗಿ ನಾವು ಜಾಗ ಮಾಡಿಕೊಳ್ಳಲೇ ಇಲ್ಲ ಅನ್ನೋದು ನನ್ನ ಗುಮಾನಿ. ಎಂಬತ್ತರಲ್ಲಿ ಬೆಂಗಳೂರಿನ ಹೊರಗೆ ಜಮೀನು ಸಿಗುತ್ತಿತ್ತು. ಈಗ ಅಲ್ಲಿ ಸೈಟು ಮಾಡೋರ ಮುಂದೆ ಟ್ರ್ಯಾಕ್ ಮಾಡುತ್ತೇನೆ ಅಂದರೆ ನೀರು ಕೊಟ್ಟು ಕಳಿಸುತ್ತಾರೆ. ನಿಮ್ಮ ಹುಬ್ಬಳ್ಳಿ ಕಡೆ ಇನ್ನೂ ಬಯಲಿದೆ. ಕೊಯಮತ್ತೂರಿನಷ್ಟು ಪುಟ್ಟ ಟ್ರ್ಯಾಕಿಗೆ ಸಾಕು. ನಾಲ್ಕು ಜನ ಹಣವಂತರಿಗೆ ನಿಮ್ಮ ಇದೇ ಪತ್ರ ಕಳಿಸಿ ನೋಡಿ, ಸಿಟ್ಟು ಸ್ವಲ್ಪ ಕಮ್ಮಿ ಮಾಡಿ.

ತಿದ್ದುಪಡಿ: ಹೋದ ಸಂಚಿಕೆಯಲ್ಲಿ ಸಿಪಾನಿ ಡಾಲ್ಫಿನ್‌ಗೆ ನಾಲ್ಕು ಬಾಗಿಲು ಅಂತ ಬರೆದಿದ್ದೆ. ಅರಸೀಕೆರೆಯಿಂದ ಒಬ್ಬರು ಕಾರ್ಡಿನಲ್ಲಿ ಒಂದೇ ಸಾಲು ಬರೆದಿದ್ದಾರೆ: "ಸ್ವಾಮಿ, ಹಿಂದಿನ ಸೀಟಿಗೆ ಹತ್ತೋಕೆ ನಮ್ಮಜ್ಜಿ ಪಟ್ಟ ಪಾಡು ನಿಮಗೇನು ಗೊತ್ತು?" ತಪ್ಪು ನನ್ನದೇ. ಡಾಲ್ಫಿನ್‌ಗೆ ಎರಡೇ ಬಾಗಿಲು, ನಾಲ್ಕು ಬಾಗಿಲಿನದು ಆಮೇಲೆ ಬಂದ ಮೊಂಟಾನಾ. ಅಜ್ಜಿಗೆ ನಮಸ್ಕಾರ ತಿಳಿಸಿ.